ಅತ್ತಿಗೇ, ಜೇಡ

ಜೂನ್ ೯

ಅತ್ತಿಗೆಯವರಿಗೆ,

ಈ ಕಾಗದವನ್ನು ಅಣ್ಣ ಮನೆಯಲ್ಲಿ ಇಲ್ಲದಾಗ ಓದಿ. ಅಮ್ಮ ಕೇಳಿದರೆ ನಾನು ಚೆನ್ನಾಗಿದ್ದೇನೆ, ಊಟ ಹಿಡಿಸಿದೆ, ಕ್ವಾರ್ಟರ್ಸ್ ದೊಡ್ಡದಾಗಿದೆ ಎಂದು ಹೇಳಿ. ಅದೆಲ್ಲ ನಿಜವೇ. ಉಳಿದದ್ದು ನಿಮಗೆ ಮಾತ್ರ.

ಆಸ್ಪತ್ರೆ ಚಿಕ್ಕದು, ಆದರೆ ಅಚ್ಚುಕಟ್ಟು. ಡಾಕ್ಟರಮ್ಮನದು ಅಳೆದು ತೂಗಿದ ಮಾತು. ಹೆರಿಗೆ ವಾರ್ಡಿನಲ್ಲಿ ನನ್ನ ಜೊತೆ ಇನ್ನೊಬ್ಬ ನರ್ಸ್ ಇದ್ದಾರೆ, ನಿವೃತ್ತಿ ಹತ್ತಿರ ಬಂದವರು. ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಾರೆ. ಪಕ್ಕದ ಮನೆಯೇ ಅವರದು. ಕೆಲಸ ನನಗೆ ಕಷ್ಟವಿಲ್ಲ. ಕಷ್ಟ ಇರುವುದು ಮನೆಯಲ್ಲಿ. ನನಗಿಂತ ಮುಂಚೆ ಇದ್ದವರು ಹೋದ ಮೇಲೆ ಈ ಕ್ವಾರ್ಟರ್ಸಿಗೆ ಬಹಳ ಕಾಲ ಬೀಗ ಹಾಕಿತ್ತಂತೆ. ಆದರೆ ಬೀಗವೆಲ್ಲ ಮನುಷ್ಯರಿಗೆ.

ಸ್ನಾನದ ಮನೆಯ ಬಾಗಿಲ ಹಿಂದೆ ಒಂದು ಜೇಡ ಇದೆ. ನನ್ನ ಅಂಗೈಯಷ್ಟು ಅಗಲ. ಓಡುವ ಜೇಡವಾದರೂ ವಾಸಿ, ಎಲ್ಲಿಗೋ ಹೋಗುತ್ತಿದೆ ಅಂದುಕೊಳ್ಳಬಹುದು. ಇದು ಸುಮ್ಮನೆ ಕೂತಿರುತ್ತದೆ. ಬೆಳಿಗ್ಗೆ ಎಲ್ಲಿತ್ತೋ ಸಂಜೆಗೂ ಅಲ್ಲೇ. ಕೊಳೆತ ಗಾಯ ತೊಳೆದವಳು ನಾನು, ರಕ್ತದಲ್ಲಿ ಮೊಣಕೈವರೆಗೂ ಅದ್ದಿ ನಿಂತವಳು. ಆ ಬಾಗಿಲು ತೆರೆಯಲು ಮಾತ್ರ ನನ್ನಿಂದ ಆಗುವುದಿಲ್ಲ.

ಹಾಗಾಗಿ ಬಂದಾಗಿನಿಂದ ಸ್ನಾನವೆಲ್ಲ ಆಸ್ಪತ್ರೆಯಲ್ಲೇ. ಬಕೆಟ್ಟು, ಟವೆಲ್ಲು ಹಿಡಿದು ದಿನಾ ಅಂಗಳ ದಾಟುವ ನನ್ನನ್ನು ನೋಡಿ ಕಾವಲಿನವರು ಮನೆಯ ನಲ್ಲಿ ಕೆಟ್ಟಿದೆಯೇ ಎಂದು ಕೇಳಿದರು. ಹೌದು ಎಂದುಬಿಟ್ಟೆ. ಈಗ ನಲ್ಲಿ ರಿಪೇರಿಯವರನ್ನು ಕಳಿಸುತ್ತಾರಂತೆ. ಬಂದವರಿಗೆ ಏನು ತೋರಿಸಲಿ?

ನಾನು ಹೊರಡುವಾಗ ಅಣ್ಣ ಏನೆಂದ, ನೆನಪಿದೆಯಲ್ಲ. ಹಲ್ಲಿ ಕಂಡರೆ ಮಂಚ ಹತ್ತುವವಳು ಅಷ್ಟು ದೂರ ಒಬ್ಬಳೇ ಹೇಗೆ ಇರುತ್ತಾಳೆ, ತಿಂಗಳು ತುಂಬುವುದರೊಳಗೆ ವಾಪಸ್ ಬರುತ್ತಾಳೆ ಎಂದ. ಎಂದೂ ಅವನ ಮಾತಿಗೆ ಎದುರಾಡದ ನೀವು ಅಡುಗೆಮನೆ ಬಾಗಿಲಲ್ಲಿ ನಿಂತು, "ಇರ್ತಾಳೆ. ಅವಳ ಪರವಾಗಿ ನಾನು ಹೇಳ್ತೀನಿ," ಎಂದಿರಿ. ಈಗ ನಾನು ವಾಪಸ್ ಬಂದರೆ ಬೀಳುವುದು ನಿಮ್ಮ ಮಾತು.

ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದರೂ ನಾವಿಬ್ಬರು ಕೂತು ಮಾತಾಡಿದ್ದು ಕಡಿಮೆ. ನಾನು ನಿಮ್ಮನ್ನು ಕೂಗುತ್ತಿದ್ದದ್ದು ಜೇಡವೋ ಜಿರಳೆಯೋ ಬಂದಾಗ ಮಾತ್ರ. ಈಗಲೂ ಅದಕ್ಕೇ ಬರೆಯುತ್ತಿದ್ದೇನೆ ಎಂದು ನಾಚಿಕೆಯಾಗುತ್ತದೆ. ಆದರೂ ಕೇಳುತ್ತೇನೆ. ನೀವು ಅದನ್ನು ಹಿಡಿಯುತ್ತಿದ್ದದ್ದು ಹೇಗೆ? ನಾನು ಯಾವತ್ತೂ ನೋಡಿಲ್ಲ. ನನ್ನ ಕಣ್ಣು ಮುಚ್ಚಿರುತ್ತಿತ್ತು.

ನಿಮ್ಮ ನಾದಿನಿ


ಜೂನ್ ೧೮

ಕುರ್ಚಿ ರಾಣಿಗೆ,

ಈ ಹೆಸರು ನಿನಗೆ ಇಟ್ಟವರು ಅತ್ತೆ, ನಾನಲ್ಲ. ಜೇಡ ಬಂದಾಗಲೆಲ್ಲ ಕುರ್ಚಿಯೇರಿ ಅಪ್ಪಣೆ ಕೊಡುತ್ತಿದ್ದವಳಿಗೆ ಬೇರೆ ಯಾವ ಹೆಸರು ಒಪ್ಪುತ್ತದೆ? ನಿನ್ನೆ ಕೂಡ ಕೇಳಿದರು, ರಾಣಿಯಮ್ಮ ಹೇಗಿದ್ದಾಳಂತೆ ಎಂದು. ಊಟ ಹಿಡಿಸಿದೆಯಂತೆ ಎಂದೆ. ಅಷ್ಟಕ್ಕೇ ಅವರಿಗೆ ಸಮಾಧಾನ.

ನಿನ್ನ ಕಾಗದವನ್ನು ಅಂಗಡಿಯಲ್ಲಿ ಓದಿದೆ. ಶಾಲೆ ಶುರುವಾಗುವ ಕಾಲ. ನನ್ನ ಮೆಷಿನ್ನಿನ ಸುತ್ತ ಯೂನಿಫಾರ್ಮಿನ ಬಟ್ಟೆ ಗುಡ್ಡ ಹಾಕಿದ್ದಾರೆ. ಕಾಲರು ಹೊಲಿದು ಹೊಲಿದು ಕಣ್ಣಿಗೆ ಎಲ್ಲರ ಕುತ್ತಿಗೆಯೂ ಅಳತೆಯ ಹಾಗೆ ಕಾಣುತ್ತದೆ.

ಹೆದರಬೇಡ ಎಂದು ನಾನು ಬರೆಯುವುದಿಲ್ಲ. ಜ್ವರ ಬಂದವರಿಗೆ ಮೈ ಬಿಸಿ ಮಾಡಿಕೊಳ್ಳಬೇಡ ಎಂದ ಹಾಗಾಗುತ್ತದೆ. ಮಾಡುವುದನ್ನಷ್ಟೇ ಹೇಳುತ್ತೇನೆ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ತಗೋ, ಒಳಗೆ ಏನಿದೆ ಎಂದು ಹೊರಗಿನಿಂದ ಕಾಣುವಂಥದ್ದು. ಒಂದು ದಪ್ಪ ರಟ್ಟು ತಗೋ. ಪಕ್ಕದಿಂದ ಹೋಗು, ನಿನ್ನ ನೆರಳು ಅದರ ಮೇಲೆ ಬೀಳದ ಹಾಗೆ. ಡಬ್ಬಿ ಕವುಚು. ಗೋಡೆಗೂ ಡಬ್ಬಿಗೂ ನಡುವೆ ರಟ್ಟನ್ನು ಮೆಲ್ಲಗೆ ತೂರಿಸು, ಜೇಡದ ಕಾಲಿಗೆ ತಗುಲಿದರೆ ಅದೇ ಕಾಲು ಎತ್ತಿಕೊಳ್ಳುತ್ತದೆ. ಆಮೇಲೆ ಹಿತ್ತಿಲಿನ ಕೊನೆಯವರೆಗೂ ನಡೆದುಹೋಗಿ ಬಿಡು. ಬಾಗಿಲ ಬಳಿಯೇ ಬಿಟ್ಟರೆ ನಿನಗಿಂತ ಮುಂಚೆ ಒಳಗೆ ಬಂದಿರುತ್ತದೆ.

ಬಾಗಿಲ ಕೆಳಗಿನ ಸಂದಿಗೆ ಹಳೆ ಬಟ್ಟೆಯ ಸುರುಳಿ ಇಡು. ಬೂಟಿನೊಳಗೆ ಕಾಲು ಹಾಕುವ ಮುಂಚೆ ತಲೆಕೆಳಗಾಗಿ ಕುಟ್ಟು.

ಇದರ ಜೊತೆ ಒಂದು ಪಾರ್ಸೆಲ್ ಕಳಿಸಿದ್ದೇನೆ. ಸೊಳ್ಳೆಪರದೆ. ಸುತ್ತಲೂ ಅಂಚಿನಲ್ಲಿ ಜೀನ್ಸ್ ಬಟ್ಟೆಯ ತುಂಡು ಮಡಿಸಿ ಹೊಲಿದಿದ್ದೇನೆ, ಭಾರಕ್ಕೆ ನೆಲಕ್ಕೆ ಕಚ್ಚಿ ನಿಲ್ಲುತ್ತದೆ. ಒಳಗೆ ಇರುವೆಯೂ ನುಗ್ಗದು. ಹಾಸಿಗೆಯ ಮಟ್ಟಿಗಾದರೂ ನೀನು ನಿಜವಾಗಿ ರಾಣಿ.

ನಲ್ಲಿ ರಿಪೇರಿಯವರು ಬಂದರೆ ಆ ಜೇಡವನ್ನೇ ತೋರಿಸು. ರಿಪೇರಿ ಅಂದ ಮೇಲೆ ರಿಪೇರಿ.

ಅತ್ತಿಗೆ


ಜುಲೈ ೬

ಅತ್ತಿಗೆ,

ಪರದೆ ಬಂತು. ಕಟ್ಟಿಕೊಂಡು ಮಲಗಿದ ಮೇಲೆ, ಇಲ್ಲಿಗೆ ಬಂದು ಮೊದಲ ಸಲ ನೆಟ್ಟಗೆ ಕಾಲು ಚಾಚಿದೆ. ನಿಮ್ಮ ಕೈ ತಣ್ಣಗಿರಲಿ.

ಡಬ್ಬಿಯ ವಿಷಯ ಮಾತ್ರ ಕೇಳಬೇಡಿ. ಕೇಳದಿದ್ದರೂ ಹೇಳುತ್ತೇನೆ. ಪಕ್ಕದಿಂದಲೇ ಹೋದೆ. ಕವುಚಿದೆ ಕೂಡ. ರಟ್ಟು ತೂರಿಸುವಾಗ ಅದು ಒಳಗಿನಿಂದ ಒಂದು ಕಾಲನ್ನು ನನ್ನ ಬೆರಳಿನ ಎದುರಿಗೆ ಇಟ್ಟಿತು. ನಡುವೆ ಪ್ಲಾಸ್ಟಿಕ್ ಇತ್ತು ಎಂದು ನನಗೂ ಗೊತ್ತು. ಕೈಗೆ ಗೊತ್ತಾಗಲಿಲ್ಲ. ಡಬ್ಬಿ ಒಂದು ಕಡೆ, ರಟ್ಟು ಒಂದು ಕಡೆ, ನಾನು ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ. ದೊಡ್ಡ ಸಿಸ್ಟರ್ ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿ ಬಂದರು, ಕಳ್ಳ ಬಂದನೆಂದು. ವಿಷಯ ಹೇಳಿದಾಗ ಅವರಿಗೆ ಸ್ವಲ್ಪ ನಿರಾಸೆಯೇ ಆಯಿತು. ಆ ಜೇಡವನ್ನು ಪೊರಕೆಯಲ್ಲಿ ಹೊರಗೆ ದಾಟಿಸಿದರು. ಅದರ ಜಾಗಕ್ಕೆ ಇನ್ನೊಂದು ಬಂದಿದೆ.

ಇಷ್ಟೇ ಆಗಿದ್ದರೆ ನಗುತ್ತಾ ಬರೆದು ಮುಗಿಸುತ್ತಿದ್ದೆ. ಮೊನ್ನೆ ವಾರ್ಡಿನಲ್ಲಿ ಕಪಾಟು ತೆರೆದಾಗ ಹತ್ತಿಯ ಕಟ್ಟಿನ ಹಿಂದಿನಿಂದ ಜಿರಳೆಯೊಂದು ನನ್ನ ಕಡೆಗೇ ಹಾರಿತು. ನಾನು ಕಿರುಚಿ ಕೈಯಲ್ಲಿದ್ದ ಟ್ರೇ ಬಿಟ್ಟುಬಿಟ್ಟೆ. ಕುದಿಸಿ ಇಟ್ಟ ಕತ್ತರಿ, ಚಿಮುಟ ಎಲ್ಲ ನೆಲದ ಪಾಲು. ಹೊಸ ಬಾಣಂತಿಯೊಬ್ಬಳು ಗಾಬರಿಯಿಂದ ಎದ್ದು ಕೂರಲು ಹೋಗಿ ಹೊಲಿಗೆ ಎಳೆದು ನರಳಿದಳು. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇಲ್ಲಿ ಹೆದರೋದು ರೋಗಿಗಳ ಪಾಲಮ್ಮ. ನಮ್ಮ ಪಾಲಿಗೆ ಅದು ಉಳಿದಿಲ್ಲ," ಎಂದರು ಅಷ್ಟೇ.

ಅವರು ಹೇಳಿದ್ದು ಸರಿ. ಇವತ್ತು ಟ್ರೇ ಬಿತ್ತು. ನಾಳೆ ಕೈಯಲ್ಲಿ ಮಗು ಇದ್ದಾಗ ಹೀಗೆಯೇ ಆದರೆ? ಬೇರೆಯವರ ಜೀವ ಹಿಡಿಯುವ ಕೆಲಸಕ್ಕೆ ಇಂಥ ಕೈ ಬೇಡ ಎನ್ನಿಸಿದೆ. ಈ ತಿಂಗಳ ಕೊನೆಗೆ ಬಿಡುತ್ತೇನೆಂದು ಹೇಳೋಣ ಅಂತಿದ್ದೇನೆ. ಅಣ್ಣ ನಗಲಿ, ತಡೆದುಕೊಳ್ಳುತ್ತೇನೆ. ನಿಮ್ಮ ಮಾತು ಉಳಿಸಲಾಗಲಿಲ್ಲ, ಅದೊಂದೇ ಸಂಕಟ.

ನಾದಿನಿ


ಜುಲೈ ೧೭

ಕುರ್ಚಿ ರಾಣಿಗೆ,

ಬಿಡುವುದಾದರೆ ಬಿಡು. ನೀನು ಗೇಟು ತೆಗೆದು ಬರುವಾಗ ಈ ಮನೆಯಲ್ಲಿ ಯಾರೂ ನಗದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಆದರೆ ಇಲಿಗೆ ಹೆದರಿ ಮನೆ ಸುಟ್ಟ ಹಾಗೆ ಆಗಬಾರದು. ಅದಕ್ಕೇ, ಇದುವರೆಗೂ ಯಾರಿಗೂ ಹೇಳದ ಒಂದು ಮಾತು ಹೇಳುತ್ತೇನೆ.

ನನಗೂ ಜೇಡ ಕಂಡರೆ ಜೀವ ಬಾಯಿಗೆ ಬರುತ್ತದೆ. ನಿನಗಿಂತ ಒಂದು ಗುಲಗಂಜಿ ಹೆಚ್ಚೇ ಇದ್ದೀತು. ತವರಿನಲ್ಲಿ ಇದ್ದಾಗ ಮಂಚದ ಕೆಳಗೆ ಬಿದ್ದ ಬಾಚಣಿಗೆ ತೆಗೆದುಕೊಳ್ಳಲು ತಮ್ಮನಿಗೆ ಲಂಚ ಕೊಡುತ್ತಿದ್ದವಳು ನಾನು.

ಮದುವೆಯಾಗಿ ಬಂದ ಹೊಸದರಲ್ಲಿ ನಿಮ್ಮ ಮನೆಯಲ್ಲಿ ನಾನು ಏನಾಗಿದ್ದೆ ಎಂದು ನಿನಗೆ ಗೊತ್ತಿರಲಾರದು, ನೀನಿನ್ನೂ ಚಿಕ್ಕವಳು. ಯಾರೂ ಕೆಟ್ಟವರಲ್ಲ. ಆದರೆ ಅತ್ತೆ ಅಡುಗೆಮನೆಯಲ್ಲಿ ನನಗೆ ಒಂದು ಚಮಚವನ್ನೂ ಮುಟ್ಟಲು ಬಿಡುತ್ತಿರಲಿಲ್ಲ. ನಿನ್ನ ಅಣ್ಣ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದರು. ನೀನು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಕೋಣೆಯ ಕಿಟಕಿ ಬಳಿ ಕೂತು, ಬಂದ ಅತಿಥಿಯಾದರೂ ಹೊರಟು ಹೋಗಬಹುದು, ನಾನು ಎಲ್ಲಿಗೆ ಹೋಗಲಿ ಎಂದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಸ್ನಾನದ ಮನೆಯಿಂದ ಕೂಗು ಬಂತು. "ಅತ್ತಿಗೇ, ಜೇಡ." ಆ ಮನೆಯಲ್ಲಿ ನನ್ನನ್ನು ಯಾರಾದರೂ ಬೇಕೆಂದು ಕರೆದದ್ದು ಅದೇ ಮೊದಲು. ಅಮ್ಮ ಎನ್ನಬಹುದಿತ್ತು ನೀನು, ಅತ್ತಿಗೆ ಎಂದೆ. ಯಾಕೆ ಎಂದು ಇವತ್ತಿಗೂ ಗೊತ್ತಿಲ್ಲ. ನನ್ನ ಕಾಲು ಹೋಗಲಿಲ್ಲ, ಆ ಕೂಗೇ ನನ್ನನ್ನು ಎಳೆದುಕೊಂಡು ಹೋಯಿತು. ನೀನು ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ನಿಂತಿದ್ದೆ. ನಾನು ಚೊಂಬು ಕವುಚಿದೆ, ಕ್ಯಾಲೆಂಡರಿನ ರಟ್ಟು ತೂರಿಸಿದೆ, ಹಿತ್ತಿಲಿಗೆ ಹೋಗಿ ಬಿಟ್ಟೆ. ಆಮೇಲೆ ಅಲ್ಲೇ ಬೇಲಿ ಹಿಡಿದುಕೊಂಡು ವಾಂತಿ ಮಾಡಿದೆ.

ಬಾಯಿ ತೊಳೆದುಕೊಂಡು ಒಳಗೆ ಬಂದರೆ ಅತ್ತೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಬಾ, ಇಲ್ಲಿ ಕೂತ್ಕೋ. ಈ ಬೀನ್ಸ್ ನಾರು ತೆಗಿ," ಎಂದರು. ಅಂದಿನಿಂದ ನಾನು ಆ ಮನೆಯವಳು.

ಹಾಗಾಗಿ ಇನ್ನು ಮೇಲೆ ನಾಚಿಕೆ ಎಂದು ಬರೆಯಬೇಡ. ನಿನ್ನ ಹೆದರಿಕೆ ನನಗೆ ಕೂರಲು ಒಂದು ಮಣೆ ಹಾಕಿಕೊಟ್ಟಿತು. ಋಣ ಇದ್ದರೆ ಅದು ನನ್ನ ತಲೆಯ ಮೇಲಿದೆ.

ಹೇಗೆ ಮಾಡುತ್ತಿದ್ದೆ ಎಂದು ಕೇಳಿದ್ದೆಯಲ್ಲ. ಜೇಡವನ್ನು ನಾನು ಒಂದು ಸಲವೂ ನೋಡಿಲ್ಲ. ಚೊಂಬಿನ ಅಂಚನ್ನು ನೋಡುತ್ತಿದ್ದೆ. ಅಂಚು ಗೋಡೆಗೆ ಸರಿಯಾಗಿ ಕೂತಿದೆಯೇ, ಎಲ್ಲಾದರೂ ಸಂದಿ ಬಿಟ್ಟಿದೆಯೇ, ಅಷ್ಟೇ. ಮೆಷಿನ್ ತುಳಿಯಲು ಕಲಿಸಿದವರು ನನಗೆ ಹೇಳಿದ್ದೂ ಅದನ್ನೇ. ಸೂಜಿ ನೋಡಿದವರು ಬೆರಳು ಚುಚ್ಚಿಕೊಳ್ಳುತ್ತಾರೆ, ಬಟ್ಟೆ ನೋಡು ಎಂದು. ಭಯ ಹೋಗಿರಲಿಲ್ಲ. ಅದರ ಪಾಡಿಗೆ ಅದು ಇತ್ತು, ನನ್ನ ಕೈ ಪಾಡಿಗೆ ಕೈ ಇತ್ತು.

ಇನ್ನು ನಿನ್ನಿಷ್ಟ.

ಅತ್ತಿಗೆ


ಆಗಸ್ಟ್ ೨೯

ಅತ್ತಿಗೆ,

ಇಷ್ಟು ದಿನ ಬರೆಯದಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಕಾಗದ ಓದಿದ ಮೇಲೆ ಏನು ಬರೆದರೂ ಸಣ್ಣದಾಗಿ ಕಂಡಿತು. ಬಿಡುತ್ತೇನೆಂದು ಹೇಳಲು ಡಾಕ್ಟರಮ್ಮನ ಕೋಣೆಯ ತನಕ ಹೋಗಿದ್ದೆ, ಅವರು ಯಾರ ಜೊತೆಗೋ ಮಾತಾಡುತ್ತಿದ್ದರು, ವಾಪಸ್ ಬಂದೆ. ಮತ್ತೆ ಹೋಗಲಿಲ್ಲ.

ಈಗ ಬರೆಯಲು ಕಾರಣವಿದೆ.

ಕಳೆದ ವಾರ ಮಧ್ಯಾಹ್ನ ಒಬ್ಬ ಹೆಂಗಸು ಬಂದಳು, ಚೊಚ್ಚಲು. ಬೇಕರಿಯಲ್ಲಿ ಕೆಲಸ ಮಾಡುವವಳು, ತೋಳಿನ ಮೇಲೆ ಒಲೆಯ ಸುಟ್ಟ ಕಲೆಗಳು. ಹೆರಿಗೆಯೇನೋ ಆಯಿತು, ಆದರೆ ಮಗು ಅಳಲಿಲ್ಲ. ನೀಲಿಯಾಗಿ, ಒದ್ದೆ ಬಟ್ಟೆಯ ಹಾಗೆ ನನ್ನ ಕೈಗೆ ಬಂತು. ಅದೇ ಹೊತ್ತಿಗೆ ತಾಯಿಗೆ ರಕ್ತ ನಿಲ್ಲದೆ ಹೋಗತೊಡಗಿತು. ಡಾಕ್ಟರಮ್ಮ, ದೊಡ್ಡ ಸಿಸ್ಟರ್ ಇಬ್ಬರೂ ಅವಳ ಕಡೆಗೆ. ಮಗುವಿಗೆ ಇದ್ದವಳು ನಾನೊಬ್ಬಳೇ.

ಮೂಲೆಯ ಮೇಜಿನ ಮೇಲೆ ದೀಪದ ಕೆಳಗೆ ಮಲಗಿಸಿ ಒರೆಸಿದೆ, ಬೆನ್ನು ಉಜ್ಜಿದೆ. ಉಸಿರಿಲ್ಲ. ಮೂಗು ಬಾಯಿಯ ಮೇಲೆ ಪುಟ್ಟ ಮಾಸ್ಕ್ ಇಟ್ಟು, ಎಡಗೈಯಲ್ಲಿ ಅದನ್ನು ಒತ್ತಿ ಹಿಡಿದು, ಬಲಗೈಯಲ್ಲಿ ಗಾಳಿಯ ಚೀಲ ಅದುಮಬೇಕು. ಮಾಸ್ಕಿನ ಅಂಚು ಎಲ್ಲೂ ಸಡಿಲವಾಗಬಾರದು, ಸಡಿಲವಾದರೆ ಗಾಳಿ ಸೋರಿ ಹೋಗುತ್ತದೆ, ಎದೆ ಏರುವುದಿಲ್ಲ.

ಚೀಲ ಅದುಮುತ್ತಾ ನಿಂತಿದ್ದಾಗ ಆ ದೀಪದ ಹಳೆಯ ತಗಡಿನ ಮುಚ್ಚಳದಿಂದ ಏನೋ ಇಳಿಯಿತು. ಮೊದಲು ತೋಳಿನ ಮೇಲೆ. ಆಮೇಲೆ ನಡೆದುಕೊಂಡು ಎಡಗೈಯ ಹಿಂಭಾಗಕ್ಕೆ ಬಂತು. ಅಲ್ಲಿ ಸುಮ್ಮನೆ ಕೂತಿತು.

ಅತ್ತಿಗೆ, ಅದರ ತೂಕ ನನಗೆ ಗೊತ್ತಾಯಿತು. ಇಷ್ಟು ವರ್ಷ ಕನಸಿನಲ್ಲಿ ನನ್ನನ್ನು ಎಬ್ಬಿಸುತ್ತಿದ್ದದ್ದು ಅದೇ, ಮೈಮೇಲೆ ಕೂತು ಅಲುಗದೆ ಇರುವುದು. ಕೊಡವಿದರೆ ಮಾಸ್ಕ್ ಜಾರುತ್ತದೆ. ಕಿರುಚಿದರೆ ಆ ಇಬ್ಬರ ಕೈ ನಡುಗುತ್ತದೆ. ನಾನು ಅಂಚನ್ನು ನೋಡಿದೆ. ಆ ಪುಟ್ಟ ಕೆನ್ನೆಗೂ ಮಾಸ್ಕಿಗೂ ನಡುವೆ ಎಲ್ಲಾದರೂ ಸಂದಿ ಇದೆಯೇ, ಗಲ್ಲದ ಹತ್ತಿರ ಸರಿಯಾಗಿ ಕೂತಿದೆಯೇ, ಅಷ್ಟನ್ನೇ. ಅದುಮಿದೆ, ಬಿಟ್ಟೆ, ಅದುಮಿದೆ. ಎದೆ ಏರಿತು, ಇಳಿಯಿತು. ಭಯ ನನ್ನ ಕೈಯ ಮೇಲೆಯೇ ಕೂತಿತ್ತು, ಕೈ ಮಾತ್ರ ಅದರ ಕೆಲಸ ಮಾಡುತ್ತಿತ್ತು.

ಎಷ್ಟು ಹೊತ್ತೋ ಗೊತ್ತಿಲ್ಲ. ಮಗು ಒಮ್ಮೆ ಬಿಕ್ಕಿತು. ಮುಖ ಕಿವುಚಿತು. ಆಮೇಲೆ ಅತ್ತಿತು, ನೋಡಿ, ಬೇಕರಿಯ ಶಟರ್ ಎಳೆದ ಹಾಗೆ ಅತ್ತಿತು. ಆ ಸದ್ದಿಗೋ ಏನೋ ಕೈಯ ಮೇಲಿನದು ಸರಸರನೆ ಮೇಜಿನ ಅಂಚಿಗೆ ಓಡಿ ಮಾಯವಾಯಿತು. ಅಷ್ಟರಲ್ಲಿ ತಾಯಿಯ ರಕ್ತವೂ ಹಿಡಿತಕ್ಕೆ ಬಂದಿತ್ತು.

ಮಗುವನ್ನು ತಾಯಿಯ ಎದೆಯ ಮೇಲೆ ಇಟ್ಟ ಮೇಲೆ ದೊಡ್ಡ ಸಿಸ್ಟರ್ ನನ್ನ ಪಕ್ಕ ಬಂದು, "ನಾನು ಆಗ್ಲೇ ನೋಡ್ದೆ. ಕೂಗಿದ್ರೆ ನಿನ್ನ ಕೈ ಅಲುಗುತ್ತೆ ಅಂತ ಬಾಯಿ ಕಚ್ಕೊಂಡೆ," ಎಂದರು. ಅವರ ಕಣ್ಣು ತುಂಬಿತ್ತು. ನಾನು ಹೊರಗೆ ಹೋಗಿ ನೀರಿನ ಟ್ಯಾಂಕಿನ ಹಿಂದೆ ಹೊಟ್ಟೆಯಲ್ಲಿದ್ದದ್ದೆಲ್ಲ ಕಾರಿಕೊಂಡೆ. ಬಾಗಿ ನಿಂತಿದ್ದಾಗ, ನೀವೂ ಹೀಗೆಯೇ ಬೇಲಿ ಹಿಡಿದು ಒಬ್ಬರೇ ನಿಂತಿದ್ದಿರಲ್ಲ ಎಂಬುದು ನೆನಪಾಗಿ ಜೋರಾಗಿ ಅತ್ತುಬಿಟ್ಟೆ. ಡಾಕ್ಟರಮ್ಮ ಅಲ್ಲಿಗೇ ಒಂದು ಲೋಟ ಚಹಾ ತಂದು ಕೊಟ್ಟು, ನಾನು ಕುಡಿದು ಮುಗಿಸುವವರೆಗೂ ಪಕ್ಕದಲ್ಲಿ ನಿಂತರು.

ಹುಡುಗಿ. ಚೆನ್ನಾಗಿದ್ದಾಳೆ. ಹಾಲು ಕುಡಿಯುತ್ತಿದ್ದಾಳೆ.

ನಾನು ಧೈರ್ಯವಂತೆಯಾದೆ ಅಂದುಕೊಳ್ಳಬೇಡಿ. ನಿನ್ನೆ ಹಿತ್ತಿಲಿನಲ್ಲಿ ಕಂಬಳಿಹುಳು ಕಂಡು ಕಲ್ಲು ಹತ್ತಿದ್ದೇನೆ. ಆದರೆ ಇಲ್ಲೇ ಇರುತ್ತೇನೆ.

ನಿಮಗೆ ಏನು ಹೇಳಲಿ? ಆ ದಿನ ಮೇಜಿನ ಬಳಿ ನಾನೊಬ್ಬಳೇ ಇದ್ದೆ ಎಂದು ಬರೆದೆ. ಅದು ಸುಳ್ಳು.

ನಿಮ್ಮ ನಾದಿನಿ


ಸೆಪ್ಟೆಂಬರ್ ೧೦

ನನ್ನ ರಾಣಿಗೆ,

ನಿನ್ನ ಕಾಗದ ಓದುತ್ತಾ ಯಾರದೋ ಬಿಳಿ ಶರ್ಟಿನ ಮೇಲೆ ಕಣ್ಣೀರು ಹಾಕಿ ಕಲೆ ಮಾಡಿದೆ. ಅಂಗಡಿ ಯಜಮಾನರು ಏನಾಯಿತೆಂದು ಕೇಳಿದರು. ನಮ್ಮ ಮನೆಯಲ್ಲಿ ಹೆರಿಗೆಯಾಯಿತು ಎಂದೆ. ಯಾರಿಗೆ ಎಂದರು. ಗೊತ್ತಿಲ್ಲ ಎಂದೆ. ಅವರು ಚಹಾ ತರಿಸಿದರು.

ಮನೆಗೆ ಬಂದು ನಿನ್ನನ್ನು ಕೇಳದೆಯೇ ಎಲ್ಲರ ಮುಂದೆ ಓದಿಬಿಟ್ಟೆ. ನನ್ನ ಹೆದರಿಕೆಯ ವಿಷಯವನ್ನೂ ಹೇಳಬೇಕಾಯಿತು. ಅತ್ತೆ ಆಶ್ಚರ್ಯವನ್ನೇ ಪಡಲಿಲ್ಲ. "ಬೇಲಿ ಹತ್ರ ನೀನು ಬಗ್ಗಿದ್ದನ್ನ ನಾನು ಅವತ್ತೇ ಕಿಟಕಿಯಿಂದ ನೋಡಿದ್ದೆ. ಅದಕ್ಕೇ ಅಲ್ವೇನೇ ಒಳಗೆ ಕರೆದು ಕೂರಿಸಿದ್ದು," ಎಂದರು. ಇಷ್ಟು ವರ್ಷ ನಾನು ಧೈರ್ಯ ತೋರಿಸಿ ಮನೆ ಗೆದ್ದೆ ಎಂದುಕೊಂಡಿದ್ದೆ. ಅವರು ನನ್ನನ್ನು ಒಳಗೆ ಸೇರಿಸಿಕೊಂಡದ್ದು ನನ್ನ ಹೆದರಿಕೆ ನೋಡಿ. ಆ ಮುದುಕಿಯ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತೆ. ಅವರೂ ಬಿಡಿಸಿಕೊಳ್ಳಲಿಲ್ಲ.

ಇನ್ನು ನಿನ್ನ ಅಣ್ಣನ ಕಥೆ. ಎಲ್ಲ ಕೇಳಿಸಿಕೊಂಡು ಎದ್ದು ಹೋಗಿ ಅಂಗಳದಲ್ಲಿ ಸ್ಕೂಟರ್ ಒರೆಸತೊಡಗಿದರು. ನಾನು ಹೋಗಿ ನಿಂತೆ. ತಲೆ ಎತ್ತದೆ, "ನನಗೂ ಆಗಲ್ಲ ಕಣೇ. ಅವಳು ಕೂಗಿದಾಗೆಲ್ಲ ನಾನು ಬೇಕಂತಲೇ ಗೇಟಿನ ಹತ್ರ ಹೋಗ್ತಿದ್ದೆ," ಎಂದರು. ಯೋಚನೆ ಮಾಡಿ ನೋಡಿದರೆ ಹೌದಲ್ಲವೇ? ಜೇಡ ಬಂದಾಗಲೆಲ್ಲ ಅವರಿಗೆ ಗೇಟಿನಲ್ಲಿ ಕೆಲಸ. ನೀನು ತಿಂಗಳೊಳಗೆ ವಾಪಸ್ ಬರುತ್ತೀ ಎಂದದ್ದೂ ನಗಾಡಲಿಕ್ಕಲ್ಲವಂತೆ. ಒಬ್ಬಳೇ ಇದ್ದಾಗ ಬಂದರೆ ಯಾರನ್ನು ಕೂಗುತ್ತಾಳೆ ಎಂಬ ಸಂಕಟವಂತೆ. ಗಂಡಸರಿಗೆ ಸಂಕಟ ಹೇಳಲು ಬರುವುದಿಲ್ಲ, ತಮಾಷೆಯ ಬಟ್ಟೆ ತೊಡಿಸಿ ಕಳಿಸುತ್ತಾರೆ.

ಅಂತೂ ಈ ಮನೆಯಲ್ಲಿ ಜೇಡಕ್ಕೆ ಹೆದರದವರು ಅತ್ತೆ ಒಬ್ಬರೇ, ಅವರಿಗೆ ಮಂಡಿನೋವು. ಸದ್ಯಕ್ಕೆ ಜೇಡಗಳ ರಾಜ್ಯಭಾರ ಸುಖವಾಗಿ ನಡೆದಿದೆ.

ನಿನ್ನನ್ನು ನೋಡಬೇಕು ಎನ್ನಿಸಿದೆ. ಮುಂದಿನ ತಿಂಗಳು ಅಂಗಡಿಯಲ್ಲಿ ಕೆಲಸ ತೆಳುವಾಗುತ್ತದೆ. ಒಂದು ವಾರ ಬಂದು ಇರಲೇ? ನಿನ್ನ ಅಣ್ಣನೇ ಹೋಗಿ ಬಾ ಎಂದಿದ್ದಾರೆ.

ಅತ್ತಿಗೆ


ನವೆಂಬರ್ ೩

ನನ್ನ ಅತ್ತಿಗೆಗೆ,

ನಿಮ್ಮನ್ನು ಬಸ್ಸು ಹತ್ತಿಸಿ ಬಂದು ಎರಡು ದಿನವಾಯಿತು. ಮನೆ ಬಿಕೋ ಎನ್ನುತ್ತಿದೆ. ಕಿಟಕಿಗೆ ನೀವು ಹೊಲಿದು ಹಾಕಿದ ಪರದೆ ಗಾಳಿಗೆ ಆಡುವಾಗ ನೀವೇ ಅಡ್ಡಾಡಿದ ಹಾಗಾಗುತ್ತದೆ.

ಆ ಒಂದು ವಾರಕ್ಕೆ ಹೇಗೆ ಉಪಕಾರ ಹೇಳಬೇಕೋ ತಿಳಿಯದು. ಹಿತ್ತಿಲಿನ ಕಳೆ ಕೀಳಲು ಹೋಗಿ, ಹೂಕುಂಡ ಎತ್ತಿದಾಗ ಕೆಳಗಿನಿಂದ ಜರಿಹುಳು ಹೊರಟಿತಲ್ಲ, ಇಬ್ಬರೂ ಒಂದೇ ಕಲ್ಲಿನ ಮೇಲೆ ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತೆವಲ್ಲ, ಆಗ ದೊಡ್ಡ ಸಿಸ್ಟರ್ ಬೇಲಿಯಾಚೆಯಿಂದ ನೋಡಿ, "ಒಬ್ಬಳು ಸಾಲ್ದು ಅಂತ ಈಗ ಜೋಡಿ," ಎಂದದ್ದನ್ನು ನೆನೆದು ಡ್ಯೂಟಿಯಲ್ಲೂ ನಗುತ್ತೇನೆ. ಹೆದರುವುದಕ್ಕೂ ಜೊತೆ ಇದ್ದರೆ ಅದು ಅರ್ಧ ಆಟವಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನೀವು ಇದ್ದಷ್ಟು ದಿನವೂ ಜೇಡ ಬಂದಾಗ ಒಬ್ಬರು ಡಬ್ಬಿ, ಒಬ್ಬರು ರಟ್ಟು. ಈಗ ಎರಡೂ ನಾನೇ. ನಿನ್ನೆ ಒಂದನ್ನು ದಾಟಿಸಿದೆ. ಅಂಚನ್ನೇ ನೋಡಿದೆ, ಡಬ್ಬಿ ಬೀಳಲಿಲ್ಲ.

ಇನ್ನೊಂದು ಮಾತು ಹೇಳಬೇಕು, ಅದಕ್ಕೇ ಈ ಕಾಗದ.

ನಿಮ್ಮ ಬಸ್ಸು ತಿರುವಿನಲ್ಲಿ ತಿರುಗುತ್ತಿದ್ದಾಗ ಆ ಬೇಕರಿಯ ಹೆಂಗಸು ಮಗುವನ್ನು ಎತ್ತಿಕೊಂಡು ಎದುರಿನಿಂದ ಬಂದಳು, ಲಸಿಕೆ ಹಾಕಿಸಲು. ಮಗು ಕೆನ್ನೆ ತುಂಬಿಕೊಂಡು ಮುದ್ದಾಗಿದ್ದಾಳೆ. ಅಂದಿನ ಜೇಡದ ಸಂಗತಿಯನ್ನು ದೊಡ್ಡ ಸಿಸ್ಟರ್ ಅವಳಿಗೆ ಹೇಳಿದ್ದಾರೆ. ಅವಳು ನನ್ನ ಕೈ ಹಿಡಿದುಕೊಂಡು, ಅಷ್ಟು ಗಟ್ಟಿಯಾಗಿ ನಿಲ್ಲಲು ಯಾವ ಕಾಲೇಜಿನಲ್ಲಿ ಕಲಿಸಿದರು ಎಂದು ಕೇಳಿದಳು. ಕಾಲೇಜಿನಲ್ಲಲ್ಲ, ನಮ್ಮ ಅತ್ತಿಗೆ ಕಲಿಸಿದ್ದು ಎಂದೆ. ಅವರೂ ನರ್ಸಾ ಎಂದಳು. ಅಲ್ಲ, ಬಟ್ಟೆ ಹೊಲಿಯುತ್ತಾರೆ ಎಂದೆ. ಎಲ್ಲಿದ್ದಾರೆ, ಒಂದು ಸಲ ಮಗುವನ್ನು ತೋರಿಸಬೇಕಿತ್ತು ಎಂದಳು. ನಾನು ಬಸ್ಸಿನ ಕಡೆ ಕೈ ತೋರಿಸಿದೆ.

ಆಗಲೇ ಅದು ದೂರ ಹೋಗಿತ್ತು. ಆದರೂ ಅವಳು ರಸ್ತೆಯ ನಡುವೆ ನಿಂತು, ಮಗುವಿನ ಪುಟ್ಟ ಕೈಯನ್ನು ಎತ್ತಿ ಹಿಡಿದು, ನಿಮ್ಮ ಕಡೆಗೆ ಬೀಸಿದಳು. ಬಸ್ಸು ಕಣ್ಮರೆಯಾದ ಮೇಲೂ ಸ್ವಲ್ಪ ಹೊತ್ತು ಬೀಸುತ್ತಲೇ ಇದ್ದಳು.

ನೀವು ಆ ಕಡೆಯ ಕಿಟಕಿಯಲ್ಲಿ ಕೂತಿದ್ದಿರಿ, ನೋಡಿರಲಿಕ್ಕಿಲ್ಲ. ನಿಮಗೆ ತಿಳಿಯಲಿ ಎಂದು ಬರೆದಿದ್ದೇನೆ.

ನಿಮ್ಮವಳೇ ಆದ
ನಾದಿನಿ